ಮುಟ್ಟಬೇಡಿ ಅಂತ ಬರೆದಿದ್ದ ನಮ್ಮ ಮನೆ

ಹೋದ ವರ್ಷ ಯುಗಾದಿ ಕಳೆದ ಮೇಲೆ ನಾವು ಕೋಲಾರದಲ್ಲಿ ಸ್ವಂತ ಮನೆ ಕಟ್ಟಿಸಲು ಹೊರಟೆವು. ನಾನು ಮದುವೆಯಾಗಿ ಬಂದಾಗಿನಿಂದ ಒಂದೇ ಬಾಡಿಗೆ ಮನೆಯಲ್ಲಿ ಇದ್ದವರು ನಾವು. ಮನೆಯಲ್ಲಿ ಮೂರೇ ಜನ: ನಾನು, ಶ್ರೀನಿವಾಸಪುರದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುವ ನಮ್ಮ ಯಜಮಾನರು, ಮತ್ತು ನಮ್ಮತ್ತೆ. ಅತ್ತೆಯ ಎರಡೂ ಕಣ್ಣು ಹೋಗಿ ಆಗಲೇ ಆರು ವರ್ಷವಾಗಿತ್ತು. ಕಣ್ಣಿನ ನರ ಒಣಗಿದೆ, ಇನ್ನು ಏನೂ ಮಾಡಲಾಗದು ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ಆದರೆ ಹೊಸಬರಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಎಡಗೈ ಬೆರಳನ್ನು ಗೋಡೆಗೆ ತಾಗಿಸಿಕೊಂಡು ಅತ್ತೆ ಆ ಮನೆಯಲ್ಲೆಲ್ಲ ಸಲೀಸಾಗಿ ಓಡಾಡುತ್ತಿದ್ದರು. ಒಗ್ಗರಣೆ ಹೊತ್ತಿನಲ್ಲಿ ನಾನು ಕರಿಬೇವಿಗೆ ತಡಕಾಡುತ್ತಿದ್ದರೆ ಅವರೇ ಬಂದು ಕೈಗೆ ಕೊಡುತ್ತಿದ್ದರು. ಬೀದಿ ಬಾಗಿಲಿಗೆ ಹೋಗಿ, ಸುಗಟೂರಿನಿಂದ ಬರುವ ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡಿ, ದಂಟನ್ನು ಬೆರಳಲ್ಲೇ ಮುರಿದು "ಬಲಿತೋಗಿದೆ ತಗೊಂಡೋಗೇ" ಎಂದು ಬೈದು ಬರುತ್ತಿದ್ದರು. ಅವರದು ಒಂದೇ ಹಟ. ತಮ್ಮ ಕಣ್ಣಿನ ವಿಷಯ ಯಾರಿಗೂ ಹೇಳಕೂಡದು. "ಊರಿಗೆಲ್ಲ ಸಾರಬೇಡ ಕಣೇ ಶಾಲಿನಿ. ಕೇಳಿದವರೆಲ್ಲ ಅಯ್ಯೋ ಪಾಪ ಅಂತಾರೆ. ಆ ಪಾಪ ಕೇಳೋಕೆ ನನಗಾಗಲ್ಲ" ಎನ್ನುತ್ತಿದ್ದರು. ನಾನೂ ಹೇಳುತ್ತಿರಲಿಲ್ಲ. ಕಾನ್ವೆಂಟಿನಲ್ಲಿ ಓದಿದವಳು, ಇನ್ನೊಬ್ಬರ ಕೊರತೆಯನ್ನು ಬಾಯಿ ಬಿಟ್ಟು ಆಡಬಾರದು, ಧ್ವನಿ ಎತ್ತಬಾರದು ಎನ್ನುವುದು ಸಿಸ್ಟರ್‌ಗಳ ಕಾಲದಿಂದಲೇ ನನ್ನ ಮೈಗೆ ಹತ್ತಿತ್ತು.

ಎಂಜಿನಿಯರ್ ಪ್ಲಾನ್ ಕೊಟ್ಟ ದಿನ ಯಜಮಾನರು ಮೊಬೈಲಿನಲ್ಲಿ ಮನೆಯ ಚಿತ್ರ ತೋರಿಸಿದ್ದೇ ತೋರಿಸಿದ್ದು. ಅದರಲ್ಲೂ ಹಾಲ್ ಎಂದರೆ ಅವರಿಗೆ ಜೀವ. ಯಾರೋ ಸ್ನೇಹಿತರ ಮನೆಯಲ್ಲಿ ನೋಡಿ ಬಂದಿದ್ದರು. ಬಾಗಿಲಿನಿಂದ ಅಡಿಗೆಮನೆವರೆಗೂ ಒಂದೂ ಗೋಡೆಯಿಲ್ಲದ 'ಓಪನ್ ಹಾಲ್'.

ಅತ್ತೆ ಎಲ್ಲವನ್ನೂ ಕೇಳಿ, "ಸರಿ, ನನ್ನ ಮಂಚ ಎಲ್ಲಿ? ಎದ್ದರೆ ಬಾಗಿಲು ಯಾವ ಕಡೆ?" ಎಂದರು.

"ಎಡಕ್ಕಮ್ಮ. ಅಲ್ಲಿಂದ ಬಲಕ್ಕೆ ತಿರುಗಿದ್ರೆ ಹಾಲ್. ಹಾಲ್ ದಾಟಿದ್ರೆ ಬಾತ್‌ರೂಮು."

"ಬಾಯಲ್ಲಿ ಕಟ್ಟಿದ ಮನೇಲಿ ನಾನು ಹೆಂಗಪ್ಪ ನಡೀಲಿ?"

ಅಷ್ಟಕ್ಕೇ ಬಿಡಲಿಲ್ಲ. ಗುದ್ದಲಿ ಪೂಜೆ ಆಗುವುದರೊಳಗೆ ಆ ಮನೆ ತಮಗೆ ಅರ್ಥವಾದರೆ ಸರಿ, ಇಲ್ಲದಿದ್ದರೆ ತಾವು ನಂಗಲಿಗೆ ತಮ್ಮನ ಮನೆಗೆ ಹೊರಟುಹೋಗುವುದಾಗಿ ಹೇಳಿದರು. "ಅದು ನಾನು ಹುಟ್ಟಿದ ಮನೆ. ಒಂದೊಂದು ಕಲ್ಲೂ ಗೊತ್ತು. ಇಲ್ಲಿ ಹೊಸ ಮನೇಲಿ ಮೂಲೇಲಿ ಕೂತು, ನೀರು ಕೊಡು, ಕೈ ಹಿಡಿ ಅಂತ ಕೂಗ್ತಾ ಇರೋಕೆ ನಾನು ಬರಲ್ಲ." ಕೋಪದ ಮಾತಾಗಿದ್ದರೆ ಸಮಾಧಾನ ಮಾಡಬಹುದಿತ್ತು. ಅವರು ಹೂವು ಕಟ್ಟುತ್ತಾ, ನಾಳೆ ಏನು ಅಡಿಗೆ ಅನ್ನುವ ಹಾಗೆ ಹೇಳಿದರು. ಯಜಮಾನರು ಆ ದಿನ ಊಟ ಅರ್ಧಕ್ಕೇ ಬಿಟ್ಟು ಎದ್ದರು.

ನಾನು ಊಟದ ಮೇಜಿನ ಮೇಲೆ ಬೆಂಕಿಪೊಟ್ಟಣ ಜೋಡಿಸಿ ಮನೆ ಮಾಡಿದೆ. ಅತ್ತೆ ಬೆರಳಿಟ್ಟ ಕೂಡಲೇ ಅಡಿಗೆಮನೆ ಕುಸಿಯಿತು. "ಗೋಡೆ ಬಿದ್ದೋಯ್ತು ಕಣೇ. ಮೇಸ್ತ್ರಿ ಸರಿಯಿಲ್ಲ" ಎಂದು ನಕ್ಕರು. ಎರಡನೇ ಸಲ ಮಾಡಿದಾಗ ಅವರ ಸೆರಗು ತಾಗಿ ಇಡೀ ಮನೆ ನೆಲಕ್ಕೆ ಬಂತು. ಆಗ ನನಗೆ ಹೊಳೆಯಿತು, ಗಟ್ಟಿಯಾದ ಒಂದು ಮಾಡೆಲ್ ಮಾಡಿಸಿದರೆ ಹೇಗೆ ಎಂದು.

"ಅದನ್ನ ಅಪಾರ್ಟ್‌ಮೆಂಟ್ ಮಾರೋರು ಮಾಡಿಸ್ತಾರೆ ಕಣೇ. ನಾವು ಯಾರಿಗೆ ಮಾರಬೇಕು?" ಎಂದರು ಯಜಮಾನರು. ನಾನು ಬಿಡಲಿಲ್ಲ. ಎಂಜಿನಿಯರೇ ಒಬ್ಬರ ಹೆಸರು ಹೇಳಿದರು: ನಯಾಜ್. ಬೆಂಗಳೂರಿನಲ್ಲಿ ದೊಡ್ಡ ದೊಡ್ಡ ಬಿಲ್ಡರ್‌ಗಳಿಗೆ ಮಾಡೆಲ್ ಮಾಡಿಕೊಟ್ಟು ಪಳಗಿದವರು, ಈಗ ಸ್ವಂತ ಊರು ಮುಳಬಾಗಿಲಿಗೆ ಬಂದು, ಒಂದು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ವರ್ಕ್‌ಶಾಪ್ ಇಟ್ಟಿದ್ದರು.

ಮೊದಲ ಸಲ ಹೋದಾಗ ನನಗೆ ಆ ಜಾಗ ತುಂಬ ಹಿಡಿಸಿತು. ಹಲ್ಲುಕಡ್ಡಿಯಷ್ಟು ಸಣ್ಣ ಕಂಬಿಗಳು, ಹಸಿರು ಬಣ್ಣದಲ್ಲಿ ಅದ್ದಿ ಒಣಗಲು ಹಾಕಿದ ಸ್ಪಂಜಿನ ಚೂರುಗಳು, ಅಕ್ಕಿಕಾಳಿನಷ್ಟು ಹೂಕುಂಡಗಳು. ನಯಾಜ್ ಅವರಿಗೆ ಐವತ್ತು ದಾಟಿರಬಹುದು. ಬಲಗೈ ಹೆಬ್ಬೆರಳಿನ ಉಗುರಿನ ಮೇಲೆ ಒಣಗಿದ ಅಂಟಿನ ಪದರ. ಮಾತಾಡುತ್ತಾ ಅದನ್ನೇ ಕೀಳುತ್ತಿದ್ದರು. ನಾನು ಮೂರು ಮಾತು ಹೇಳಿದೆ. ಒಂದು ಅಡಿಗೆ ಅರ್ಧ ಇಂಚಿನ ಲೆಕ್ಕದಲ್ಲಿ ದೊಡ್ಡದಾಗಿರಬೇಕು. ಛಾವಣಿ ಎತ್ತಿಡುವ ಹಾಗಿರಬೇಕು. ಮುಟ್ಟಿದರೆ ಅಲ್ಲಾಡದಷ್ಟು ಗಟ್ಟಿಯಾಗಿರಬೇಕು.

"ಯಾರಿಗೆ ತೋರಿಸೋಕೆ ಮೇಡಂ?"

"ನಮ್ಮತ್ತೆಗೆ. ಹಿರಿಯರು. ಪ್ಲಾನ್ ಓದೋಕೆ ಬರಲ್ಲ."

ಅಷ್ಟೇ ಹೇಳಿದೆ. ನಿಜವಾದ ಕಾರಣ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಅವರು ಡೈರಿಯಲ್ಲಿ ಏನೋ ಬರೆದುಕೊಂಡು, "ಫಸ್ಟ್ ಕ್ಲಾಸ್ ಮಾಡಿಕೊಡ್ತೀನಿ. ಅಮ್ಮ ನೋಡಿ ಖುಷ್ ಆಗೋಗ್ಬೇಕು" ಎಂದರು.

ಆಮೇಲೆ ಶುರುವಾಯಿತು ನೋಡಿ. ಮೂರು ವಾರ ಎಂದದ್ದು ಆರು ವಾರವಾಯಿತು. ಫೋನ್ ಮಾಡಿದಾಗಲೆಲ್ಲ ಒಂದೇ ಉತ್ತರ: "ಆಗೋಯ್ತು ಮೇಡಂ, ಫಿನಿಶಿಂಗ್ ನಡೀತಾ ಇದೆ." ನಡುವೆ ಒಮ್ಮೆ ಹೋಗಿ ನೋಡಿದರೆ ಬಟ್ಟೆ ಹೊದಿಸಿಟ್ಟಿದ್ದರು. ಬಟ್ಟೆಯ ಅಂಚಿನಿಂದ ಒಂದು ತೆಂಗಿನ ಮರ ಇಣುಕುತ್ತಿತ್ತು. "ಗಿಡಮರ ಬೇಡ ಅಂದಿದ್ದೆ" ಎಂದೆ. "ಬೇಡಾಂದ್ರೆ ಹೆಂಗೆ ಮೇಡಂ, ಮನೆ ಬೋಳಾಗಿ ಕಾಣುತ್ತೆ. ನೀವು ಸುಮ್ಮನಿರಿ, ಸರ್‌ಪ್ರೈಜ್" ಎಂದರು. ನಾನು ಸುಮ್ಮನಿದ್ದೆ. ಈಗ ನೆನೆಸಿಕೊಂಡರೆ ನನ್ನ ತಲೆಯ ಮೇಲೆ ನಾನೇ ಮೊಟಕಿಕೊಳ್ಳಬೇಕು ಅನಿಸುತ್ತದೆ. ಆ ಬಟ್ಟೆಯನ್ನು ಒಂದು ಸಲ ಎತ್ತಿ ನೋಡಿದ್ದರೆ ಸಾಕಿತ್ತು.

ಶುಕ್ರವಾರ ಗುದ್ದಲಿ ಪೂಜೆ ಎಂದು ನಿಶ್ಚಯವಾಯಿತು. ಗುರುವಾರ ಬೆಳಿಗ್ಗೆ ಮೇಸ್ತ್ರಿ ಸೈಟಿನಲ್ಲಿ ಸುಣ್ಣದ ಗೆರೆ ಎಳೆಯುವವನಿದ್ದ. "ಗೆರೆ ಎಳೆದ ಮೇಲೆ ಗೋಡೆ ಅಲ್ಲಿಂದ ಇಲ್ಲಿಗೆ ಅನ್ನಬೇಡಿ ಅಮ್ಮ" ಎಂದು ಮೊದಲೇ ಹೇಳಿದ್ದ. ಅತ್ತೆ ಟ್ರಂಕಿನಿಂದ ಸೀರೆ ತೆಗೆದು, ಮಡಿಕೆ ಸವರಿ ನೋಡಿ, ಒಂದು ಚೀಲಕ್ಕೆ ತುಂಬಲು ಶುರು ಮಾಡಿದ್ದರು. ಬುಧವಾರ ಯಜಮಾನರನ್ನು ಕಾಲೇಜಿಗೆ ಕಳಿಸಿ, ಅತ್ತೆಗೆ ಊಟ ಬಡಿಸಿಟ್ಟು ನಾನು ಮುಳಬಾಗಿಲು ಬಸ್ಸು ಹತ್ತಿದೆ.

ನಯಾಜ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಾಯುತ್ತಿದ್ದರು. ಮದುಮಗಳ ಮುಖದ ಸೆರಗು ಸರಿಸುವ ಹಾಗೆ ಬಟ್ಟೆ ಸರಿಸಿದರು.

ಸುಳ್ಳು ಹೇಳಬಾರದು, ತುಂಬ ಚೆನ್ನಾಗಿತ್ತು. ನಾಲ್ಕೂ ಕಡೆ ಗಾಜಿನಂಥ ಪೆಟ್ಟಿಗೆ, ಒಳಗೆ ಕೆನೆಬಣ್ಣದ ಮನೆ. ಗೇಟು, ಗೇಟಿನ ಮುಂದೆ ಒಂದು ಕಾರು (ನಮಗೆ ಕಾರಿಲ್ಲ), ಕಾಂಪೌಂಡಿನ ತುಂಬ ಹುಲ್ಲು, ಬಾಗಿಲಲ್ಲಿ ಬೆರಳಿನಷ್ಟು ಎತ್ತರದ ಒಬ್ಬ ಹೆಂಗಸು. ಸ್ವಿಚ್ ಒತ್ತಿದರು. ಕಿಟಕಿಗಳಲ್ಲಿ ದೀಪ ಹತ್ತಿಕೊಂಡವು. ಪೆಟ್ಟಿಗೆಯ ಮೇಲೆ ಕೆಂಪಕ್ಷರದಲ್ಲಿ ಬರೆದಿತ್ತು: ಮುಟ್ಟಬೇಡಿ.

"ಇದನ್ನ ತೆಗೀರಿ" ಎಂದೆ.

"ಸ್ಕ್ರೂ ಹಾಕಿದೆ ಮೇಡಂ. ಧೂಳು ಹೋಗಬಾರದಲ್ಲ."

"ಛಾವಣಿ ಎತ್ತೋ ಹಾಗಿರಬೇಕು ಅಂದಿದ್ದೆ."

"ಎತ್ತಿದ್ರೆ ಅಂಚು ಏಳುತ್ತೆ, ಫಿನಿಶಿಂಗ್ ಹೋಗುತ್ತೆ. ಅಂಟಿಸಿಬಿಟ್ಟಿದ್ದೀನಿ."

"ಒಳಗಡೆ ರೂಮುಗಳು?"

ನಯಾಜ್ ನನ್ನ ಮುಖವನ್ನೇ ನೋಡಿದರು. "ಒಳಗೆ ಏನಿರುತ್ತೆ ಮೇಡಂ? ಖಾಲಿ. ವೈರು, ಬಲ್ಬು. ಜನ ನೋಡೋದು ಎಲಿವೇಶನ್, ಹೊರಗಿನ ಅಂದ. ನಾನು ಇಷ್ಟು ವರ್ಷ ಎಲ್ಲಾ ಬಿಲ್ಡರ್‌ಗಳಿಗೂ ಹಿಂಗೇ ಮಾಡಿಕೊಟ್ಟಿರೋದು."

"ನಾನು ಬಿಲ್ಡರಾ?"

"ಅಲ್ಲ ಮೇಡಂ, ಆದರೆ ಅಮ್ಮ ನೋಡೋಕೆ ಬಂದಾಗ..."

ಆಗ ನನ್ನ ಬಾಯಿಂದ ಬಂದ ಧ್ವನಿ ನನ್ನದೇ ಎಂದು ನನಗೇ ನಂಬಿಕೆಯಾಗಲಿಲ್ಲ. "ಅಮ್ಮ ನೋಡಲ್ಲ ರೀ! ನಮ್ಮತ್ತೆಗೆ ಕಣ್ಣು ಕಾಣಲ್ಲ! ಎರಡೂ ಕಣ್ಣು ಕಾಣಲ್ಲ! ಅವರು ಕೈಯಲ್ಲಿ ಮುಟ್ಟಿ ನೋಡಬೇಕು, ಇವತ್ತೇ ನೋಡಬೇಕು, ನೀವು ಮುಟ್ಟಬೇಡಿ ಅಂತ ಬೋರ್ಡ್ ಹಾಕಿಟ್ಟಿದ್ದೀರ!" ಕೆಳಗಡೆ ಟೈರ್ ಅಂಗಡಿಯಲ್ಲಿ ಸುತ್ತಿಗೆ ಸದ್ದು ನಿಂತುಹೋಯಿತು. ಒಬ್ಬರು ಮೆಟ್ಟಿಲ ತುದಿಗೆ ಬಂದು ಇಣುಕಿಯೂ ಹೋದರು. ನನ್ನ ಕಿವಿ ಉರಿಯುತ್ತಿತ್ತು. ಆರು ವರ್ಷ ಯಾರಿಗೂ ಹೇಳದೆ ಕಾಪಾಡಿಕೊಂಡು ಬಂದದ್ದನ್ನು ಮುಳಬಾಗಿಲಿನ ಬೀದಿಗೆ ಕೇಳುವ ಹಾಗೆ ಕಿರುಚಿದ್ದೆ.

ನಯಾಜ್ ಸ್ವಿಚ್ ಆರಿಸಿದರು. ಸ್ಟೂಲಿನ ಮೇಲೆ ಕುಳಿತರು. ನನಗಿಂತ ತಮಗೇ ಹೆಚ್ಚು ಬೇಜಾರಾದವರ ಹಾಗೆ, "ಯಾ ಅಲ್ಲಾ, ಇದನ್ನ ಮೊದಲನೇ ದಿನ ಹೇಳೋಕೇನಾಗಿತ್ತು ಮೇಡಂ?" ಎಂದರು. "ಆರು ವಾರ ನಾನು ಹುಲ್ಲು ಅಂಟಿಸಿದೆ. ಒಂದೊಂದೇ ಎಸಳು. ನನ್ನ ಕಣ್ಣು ಹೋಗೋದೊಂದು ಬಾಕಿ."

ನಾನು ಹೇಳಿದ ಮಾತನ್ನು ಅವರು ಕೇಳದೆ ಹೋದದ್ದು ನಿಜ. ಆದರೆ ಯಾತಕ್ಕೆ ಎಂದು ನಾನು ಹೇಳದೆ ಹೋದದ್ದೂ ಅಷ್ಟೇ ನಿಜ.

"ಬಸ್ಸು ಎಷ್ಟೊತ್ತಿಗೆ?" ಎಂದು ಕೇಳಿದರು.

"ಐದು ಗಂಟೆಗೆ ಹತ್ತಿದ್ರೂ ಪರವಾಗಿಲ್ಲ."

"ಪ್ಲಾನ್ ಕೊಡಿ."

ಇಸ್ತ್ರಿ ಅಂಗಿ ಬಿಚ್ಚಿ ಮೊಳೆಗೆ ನೇತುಹಾಕಿ, ಬನಿಯನ್ನಿನಲ್ಲಿ ಕೆಲಸಕ್ಕೆ ಕುಳಿತರು. ಸ್ಕ್ರೂ ತೆಗೆದು ಪೆಟ್ಟಿಗೆ ಬಿಚ್ಚಿದರು. ಛಾವಣಿಯ ಸುತ್ತ ಗರಗಸದ ಬ್ಲೇಡ್ ಆಡಿಸಿದರು. ಕೆನೆಬಣ್ಣದ ಅಂಚು ಚೂರುಚೂರಾಗಿ ಉದುರುವಾಗ ಒಂದು ಸಲ ಕಣ್ಣು ಮುಚ್ಚಿಕೊಂಡರು. ಕಾರು, ತೆಂಗಿನ ಮರ, ಬಾಗಿಲಲ್ಲಿದ್ದ ಹೆಂಗಸು ಎಲ್ಲ ಒಂದು ತಟ್ಟೆಗೆ ಹೋದವು. ಗಟ್ಟಿ ಬಿಳಿ ಹಲಗೆ ಕತ್ತರಿಸಿ ಗೋಡೆ ಮಾಡಿದರು. ಅಂಟು ಒಣಗುವ ತನಕ ಒಂದೊಂದು ಗೋಡೆಯನ್ನೂ ನಾನು ಎರಡು ಕೈಯಲ್ಲಿ ಹಿಡಿದು ಕೂರಬೇಕಾಯಿತು. "ಅಲ್ಲಾಡಿಸಬೇಡಿ ಮೇಡಂ. ಮೇಡಂ, ಉಸಿರು ಬಿಡಿ, ಗೋಡೆಗೆ ಏನೂ ಆಗಲ್ಲ." ಎರಡು ಬೆರಳು ನಡೆದುಹೋಗುವಷ್ಟು ಅಗಲಕ್ಕೆ ಬಾಗಿಲು ಬಿಟ್ಟರು. ಬಾತ್‌ರೂಮಿನ ನೆಲಕ್ಕೆ ಉಪ್ಪುಕಾಗದ ಅಂಟಿಸಿ, "ಇಲ್ಲಿ ತರಿತರಿ ಆದ್ರೆ ಅಮ್ಮನಿಗೆ ಇದು ಬಾತ್‌ರೂಮು ಅಂತ ಗೊತ್ತಾಗುತ್ತೆ" ಎಂದರು. ಅತ್ತೆಯ ಮಂಚಕ್ಕೆ ಒಂದು ಚೂರು ಬಟ್ಟೆ. ನಾಲ್ಕೂವರೆಗೆ ಮುಗಿಯಿತು. ಹೊರಡುವಾಗ ತಟ್ಟೆ ಹಿಡಿದುಕೊಂಡು, "ಒಂದೇ ಒಂದು ತೆಂಗಿನ ಮರ ಇಟ್ಟುಬಿಡಲಾ?" ಎಂದು ಕೇಳಿದರು. ಬೇಡ ಎಂದೆ. ಪಾಪ, ಮುಖ ಸಣ್ಣದಾಯಿತು.

ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಛಾವಣಿಯಿಲ್ಲದ ಮನೆ ಎಂದರೆ ಬಸ್ಸಿಗೆಲ್ಲ ನೋಡಲು ತೆರೆದಿಟ್ಟ ಹಾಗೆ. ಕಂಡಕ್ಟರ್ ಬಂದು, "ಏನಮ್ಮ, ಮನೇನೇ ಹೊತ್ಕೊಂಡು ಹೊರಟಿದ್ದೀರ? ಪಕ್ಕದ ಸೀಟಿಗೂ ಟಿಕೆಟ್ ತಗೊಳ್ಳಿ" ಎಂದ. ಹಿಂದಿನ ಸೀಟಿನಲ್ಲಿದ್ದ ಹುತ್ತೂರಿನ ಹಿರಿಯರೊಬ್ಬರು ಎದ್ದು ನಿಂತು ನೋಡಿ, ಅಡಿಗೆಮನೆ ಆಗ್ನೇಯಕ್ಕೆ ಬಂತಾ, ಸಂಪು ಎಲ್ಲಿ ಎಂದು ವಿಚಾರಿಸಿದರು. ಪಕ್ಕದ ಹೂವಿನಾಕೆ ಬೆರಳು ತೋರಿಸಿ, "ದೇವರ ಮನೆ ಇಷ್ಟೇನಾ ಅಕ್ಕ? ದೇವರು ಕೂತ್ಕೊಂಡ್ರೆ ನೀವು ಎಲ್ಲಿ ನಿಲ್ತೀರ?" ಎಂದಳು. ಇನ್ನೊಬ್ಬರು ತೆಲುಗಿನಲ್ಲಿ "ಬಾಗುಂದಿ, ಬಾಗುಂದಿ" ಎಂದು ಮೆಚ್ಚುತ್ತಾ ನಮ್ಮ ಬೆಡ್‌ರೂಮಿನೊಳಗೆ ಕೈಯನ್ನೇ ಇಟ್ಟರು. ಕೋಲಾರ ಬರುವಷ್ಟರಲ್ಲಿ ನನ್ನ ಮನೆಗೆ ಇಪ್ಪತ್ತು ಜನರ ತಿದ್ದುಪಡಿ ಸೇರಿತ್ತು. ನಾನು ಎಲ್ಲರಿಗೂ ತಲೆಯಾಡಿಸಿ, ಹಲ್ಲು ಕಚ್ಚಿಕೊಂಡು ಇಳಿದೆ.

ಯಜಮಾನರು ಆಗಲೇ ಬಂದಿದ್ದರು. ಮೊದಲು ಅತ್ತೆಯ ಹತ್ತಿರ ತಪ್ಪೊಪ್ಪಿಕೊಂಡೆ. "ಅತ್ತೆ, ನಿಮ್ಮ ಕಣ್ಣಿನ ವಿಷಯ ಅವರಿಗೆ ಹೇಳಿಬಿಟ್ಟೆ. ಕೂಗಿ ಹೇಳಿದೆ. ಅಂಗಡಿಯವರಿಗೆಲ್ಲ ಕೇಳಿಸ್ತು."

"ಯಾವಾಗ ಹೇಳಿದೆ?"

"ಇವತ್ತು."

"ಇವತ್ತಾ? ಆರು ವಾರ ಆ ಮನುಷ್ಯನಿಗೆ ಹೇಳದೆ ಏನ್ ಮಾಡ್ತಿದ್ದೆ?"

"ನೀವೇ ಹೇಳಬೇಡ ಅಂದಿದ್ರಲ್ಲ..."

"ಅಯ್ಯೋ ಅಮ್ಮಾಯಿ! ನಾನು ಹೇಳಬೇಡ ಅಂದಿದ್ದು ನೆಂಟರಿಗೆ ಕಣೇ. ಕೆಲಸ ಮಾಡಿಕೊಡೋನಿಗೆ ಮುಚ್ಚಿಟ್ರೆ ಅವನೇನು ಶಾಸ್ತ್ರ ನೋಡಿ ತಿಳ್ಕೊಬೇಕಾ? ಇಂಗ್ಲಿಷ್ ಓದಿ ಏನು ಬಂತು ನಿನಗೆ!"

ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಅತ್ತೆ ಅಷ್ಟರಲ್ಲಿ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಮೇಜಿನ ಮುಂದೆ ಕುಳಿತಿದ್ದರು. ಅವರ ಬೆರಳನ್ನು ಮಂಚದ ಬಟ್ಟೆಯ ಮೇಲೆ ಇಟ್ಟೆ. "ಇದು ನಿಮ್ಮ ಮಂಚ."

ಬಲಗೈಯ ತೋರುಬೆರಳು, ಮಧ್ಯದ ಬೆರಳು ಎರಡನ್ನೂ ಕಾಲಿನ ಹಾಗೆ ನಡೆಸುತ್ತಾ ಆ ಮಂಚದಿಂದ ಹೊರಟರು. ಎಡಗೈ ಬೆರಳು ಪಕ್ಕದ ಗೋಡೆ ಸವರುತ್ತಾ ಬಂತು. ರೂಮಿನ ಬಾಗಿಲು ದಾಟಿದರು. ಬಲಕ್ಕೆ ತಿರುಗಿದರು. ನಾಲ್ಕು ಹೆಜ್ಜೆ. ಗೋಡೆ ಮುಗಿಯಿತು. ಬೆರಳು ಅಲ್ಲೇ ನಿಂತುಬಿಟ್ಟವು. ಎಡಗೈ ಗಾಳಿಯಲ್ಲಿ ಸ್ವಲ್ಪ ತಡಕಾಡಿ, ಹಿಂದೆ ಬಂದು ಗೋಡೆಯ ಅಂಚನ್ನೇ ಹಿಡಿದುಕೊಂಡಿತು.

"ಇಲ್ಲಿಂದ ಗೋಡೆ ಎಲ್ಲಿ ಹೋಯ್ತು?"

"ಅದು ಓಪನ್ ಹಾಲ್ ಅಮ್ಮ" ಎಂದರು ಯಜಮಾನರು.

"ನಿನಗೆ ಓಪನ್ನು. ನನಗೆ ಬಯಲು."

ಯಜಮಾನರ ಮುಖ ನೋಡಿದೆ. ಮೊಬೈಲಿನಲ್ಲಿ ಅಷ್ಟು ಸಲ ತಿರುಗಿಸಿ ತಿರುಗಿಸಿ ನೋಡಿದ ಹಾಲನ್ನು ಅವರು ಈಗ ಮೊದಲ ಸಲ ನೋಡುತ್ತಿದ್ದರು. "ನಮ್ಮ ರೂಮು ತಗೋ ಅಮ್ಮ. ಅದಕ್ಕೆ ಒಳಗೇ ಬಾತ್‌ರೂಮಿದೆ, ನೀನು ಹಾಲ್‌ಗೆ ಬರೋದೇ ಬೇಡ" ಎಂದರು.

ಅತ್ತೆ ಸರ್ರನೆ ಕೈ ಹಿಂದಕ್ಕೆ ಎಳೆದುಕೊಂಡರು. "ಬಾತ್‌ರೂಮಿಗೆ ಹೋಗೋದೊಂದೇನಾ ನನ್ನ ಕೆಲಸ? ಅಡಿಗೆಮನೆಗೆ ಹೋಗಬೇಡ್ವಾ? ಬೀದಿ ಬಾಗಿಲಿಗೆ ಹೋಗಬೇಡ್ವಾ? ಒಳ್ಳೇ ರೂಮು ಕೊಟ್ಟು ಕೂಡಿ ಹಾಕ್ತೀಯೇನೋ? ನನಗೆ ನಿನ್ನ ರೂಮು ಬೇಡಪ್ಪ. ಗೋಡೆ ಬೇಕು."

ಯಜಮಾನರು ಎದ್ದು ಹೋದರು. ಕೋಪ ಬಂತು ಎಂದುಕೊಂಡೆ. ಒಳಗಿನಿಂದ ಒಂದು ಹಳೆಯ ಕ್ಯಾಲೆಂಡರಿನ ರಟ್ಟು, ಕತ್ತರಿ ತಂದರು. ಗೋಡೆಗಳ ಅರ್ಧದಷ್ಟೂ ಎತ್ತರವಿಲ್ಲದ ಒಂದು ಉದ್ದ ಪಟ್ಟಿ ಕತ್ತರಿಸಿ, ಅತ್ತೆಯ ರೂಮಿನಿಂದ ಹಾಲಿನ ಅಂಚಿನಲ್ಲೇ ಅಡಿಗೆಮನೆ ಬಾಗಿಲ ತನಕ ಹಿಡಿದರು. "ಈಗ ನೋಡಮ್ಮ. ಸೊಂಟದ ಎತ್ತರಕ್ಕೆ ಮೋಟುಗೋಡೆ. ನಿನಗೆ ಕೈಗೆ ಸಿಗುತ್ತೆ, ನನಗೆ ಹಾಲ್ ಉಳಿಯುತ್ತೆ."

ಅತ್ತೆ ಮತ್ತೆ ಮಂಚದಿಂದ ಹೊರಟರು. ರೂಮು, ಬಾಗಿಲು, ಮೋಟುಗೋಡೆ, ಅಡಿಗೆಮನೆ. ಅಲ್ಲಿಂದ ಆಚೆ ಬದಿಯ ಗೋಡೆ ಹಿಡಿದು ಬಾತ್‌ರೂಮು. ಉಪ್ಪುಕಾಗದಕ್ಕೆ ಬೆರಳು ತಾಗಿದಾಗ, "ಓ, ಇದು ಅದು" ಎಂದು ನಕ್ಕರು. ಅಲ್ಲಿಂದ ಬೀದಿ ಬಾಗಿಲು. ಮೂರು ಸಲ ಓಡಾಡಿದರು. ರಟ್ಟು ಹಿಡಿದೂ ಹಿಡಿದೂ ಸಾಕಾಗಿ ಯಜಮಾನರು ಕೈ ಬದಲಾಯಿಸಿದರು. ಕೊನೆಗೆ ಅತ್ತೆ, "ಅಡಿಗೆಮನೆ ಕಿಟಕಿ ಸಣ್ಣದಾಯ್ತು. ಬಚ್ಚಲ ಬಾಗಿಲು ಒಳಕ್ಕೆ ತೆರೀಬಾರದು. ದೇವರ ಮನೆ ಮುಂದೆ ಮೆಟ್ಟಿಲು ಯಾಕೆ, ಬೀಳೋಕಾ?" ಎಂದು ಶುರು ಮಾಡಿದರು. ನಾನು ಹಾಲಿನವನ ಲೆಕ್ಕದ ಕಾರ್ಡಿನ ಹಿಂದೆ ಬರೆದುಕೊಂಡೆ. ಬರೆಯಲು ಜಾಗ ಸಾಲಲಿಲ್ಲ.

ಮಾರನೇ ದಿನ ಸುಣ್ಣದ ಡಬ್ಬಿ ಹಿಡಿದು ನಿಂತಿದ್ದ ಮೇಸ್ತ್ರಿ ನನ್ನನ್ನೂ ಆ ಕಾರ್ಡನ್ನೂ ನೋಡಿ ತಲೆಗೆ ಕಟ್ಟಿದ್ದ ಟವೆಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡ. "ಏನಮ್ಮ ನೀವು! ಹಾಲ್ ಒಳಗೆ ಮೋಟುಗೋಡೆ ಯಾರಾದ್ರೂ ಕಟ್ಟುತ್ತಾರಾ? ನೋಡಿದವರು ನನ್ನ ಬೈತಾರೆ." ಈ ಸಲ ನಾನು ನುಂಗಿಕೊಳ್ಳಲಿಲ್ಲ. "ನಮ್ಮತ್ತೆಗೆ ಕಣ್ಣು ಕಾಣಲ್ಲಪ್ಪ. ಗೋಡೆ ಹಿಡಿದು ನಡೀತಾರೆ" ಎಂದು ಮೆಲ್ಲಗೇ ಹೇಳಿದೆ. ಆತ, "ಹಂಗಾದ್ರೆ ಮೇಲಿನ ಅಂಚು ದುಂಡಗೆ ಮಾಡಿಸ್ತೀನಿ, ಕೈಗೆ ಚುಚ್ಚಬಾರದು" ಎಂದು ಹಗ್ಗ ಎಳೆಯಲು ಹೋದ. ಅಷ್ಟೇ. ಒಂದು ವಾಕ್ಯ. ಅದನ್ನು ಹೇಳದೆ ನಾನು ಒಬ್ಬ ಮನುಷ್ಯನ ಆರು ವಾರದ ಕೆಲಸ ಹಾಳು ಮಾಡಿದ್ದೆ. ಈಗಲೂ ಅದು ನೆನಪಾದರೆ ಕಿವಿ ಬಿಸಿಯಾಗುತ್ತದೆ.

ಈ ವರ್ಷ ಗೃಹಪ್ರವೇಶವಾಯಿತು. ನೆಂಟರೆಲ್ಲ ಊಟ ಮುಗಿಸಿ ಹೋದ ಮೇಲೆ ಅತ್ತೆ ತಮ್ಮ ರೂಮಿನಿಂದ ಎದ್ದರು. ಹೊಸ ನೆಲ, ನುಣುಪು ಜಾಸ್ತಿ, ಎಲ್ಲಿ ಜಾರುತ್ತಾರೋ ಎಂದು ನಾನು ಓಡಿಹೋಗಿ ತೋಳು ಹಿಡಿದುಕೊಂಡೆ. ಅವರು ನನ್ನ ಕೈಯನ್ನು ಕಿತ್ತು ಬದಿಗೆ ಸರಿಸಿದರು.

"ಬಿಡೇ ಕೈನ. ನನ್ನ ಮನೇಲಿ ನನಗೆ ದಾರಿ ತೋರಿಸೋಕೆ ಬರ್ತೀಯ?"

ಮೋಟುಗೋಡೆಯ ಮೇಲೆ ಎಡಗೈ ಆಡಿಸುತ್ತಾ ಅವರು ಅಡಿಗೆಮನೆಯ ಕಡೆ ಹೊರಟರು. ನಾನು ಬಾಗಿಲಲ್ಲೇ ನಿಂತುಕೊಂಡೆ. ಒಳಗಿನಿಂದ, ಹಾಲಿನ ಪಾತ್ರೆಯನ್ನು ಯಾರು ಮುಚ್ಚದೆ ಇಟ್ಟಿದ್ದು ಎಂದು ನನ್ನನ್ನು ಬೈಯುವುದು ಕೇಳಿಸಿತು.